ಹಕ್ಕಿಪಾಲು

‘ನೋಡಿದಂವ ಯಾಂವ?’

ಮಾತು ತನ್ನ ಬಾಯಿಂದಲೇ ಬಂತೆಂಬುದು ಗುರಲಿಂಗಪ್ಪನಿಗೆ ಅದು ಬಂದು ಮುಗಿದ ಮೇಲೆ ತಿಳಿಯಿತು. ಬಬಲೇಶ್ವರದಿಂದ ಬೆಳಿಗ್ಗೆ ಹೊರಟ ಇದ್ದಲಿ ಗ್ಯಾಸಿನ ಮೋಟಾರು, ವಿಜಾಪುರ ಇನ್ನೂ ಎರಡು ಹರದಾರಿ ಇರುವಾಗ, ಏರು ಹತ್ತಲಾರದೆ ನಿಂತುಬಿಟ್ಟಿತ್ತು. ಡ್ರೈವರ ಇಳಿದು ಹಿಂದಿನ ಒಲೆಯನ್ನು ಸರಳಿನಿಂದ ಕೆದಕುತ್ತಿದ್ದ. ಯುದ್ಧ ಮುಗಿಯುವತನಕ ಪೆಟ್ರೋಲು ಕಾಣುವಂತಿಲ್ಲ ಎಂದು ಅರಿತ ಮಂದಿ ಬೇಸರವನ್ನೂ ಮಾಡಿಕೊಳ್ಳದೆ ಸುಮ್ಮನೆ ಕೂತಿದ್ದರು. ಅಷ್ಟೊಂದು ಸುಮ್ಮನಿದ್ದ ಕಡೆ ಅವನ ಪ್ರಶ್ನೆ ಎಲ್ಲರಿಗೂ ಕೇಳಿಸಿತು. ಮುಂದೆ ಕೂತ ಇಬ್ಬರು ತಿರುಗಿ ನೋಡಿದರು. ಬಾಜೂಕ ಬದನೆಕಾಯಿಯ ಗಂಟು ತಬ್ಬಿಕೊಂಡು ಕೂತ ಮುದುಕಿ, ‘ಏನಂದಿ ತಮ್ಮಾ?’ ಎಂದಳು.

‘ಏನಿಲ್ಲ ಬೇ. ಮೋಟಾರ ಯಾವಾಗ ಹೊಂಡತೈತಿ ಅಂದೆ.’

‘ಮೋಟಾರಿನ ಸುದ್ದಿ ಅನ್ನಲಿಲ್ಲ ನೀ. ಯಾರೋ ನೋಡಿದ್ದು ಅಂದಿ.’ ಮುದುಕಿ ನಕ್ಕಳು. ಹಲ್ಲಿಲ್ಲದ ನಗು, ಹಿಂದೆ ಮುಂದೆ ಇಲ್ಲದ ನಗು. ಆದರೆ ಗುರಲಿಂಗಪ್ಪನಿಗೆ ಆಕೆ ತನ್ನನ್ನು ಊರಿಂದಲೇ ಬಲ್ಲವಳಂತೆ, ಬಲ್ಲವಳಾಗಿಯೂ ಬಲ್ಲೆನೆಂದು ತೋರಿಸದವಳಂತೆ ಕಂಡಿತು. ಅವನು ಹೆಗಲ ಮೇಲಿನ ಶಲ್ಯವನ್ನು ಬಾಯಿಯವರೆಗೆ ಎಳೆದುಕೊಂಡು ಹೊರಗೆ ನೋಡಿದ. ಹೊರಗೆ ಎರಡೂ ಕಡೆ ಕರಿಮಣ್ಣಿನ ಎರಿ ಹೊಲ, ಎದೆಯೆತ್ತರ ಜೋಳ, ಹಾಲುಗಾಳಿನ ತೆನೆ. ಅದರ ಮೇಲೆ ಎಲ್ಲಿಯೋ ಒಂದು ಕಡೆ ಹಕ್ಕಿ ಕಾಯುವವರ ಕೂಗು ಎದ್ದು ಬಿದ್ದು ಎದ್ದು ಬರುತ್ತಿತ್ತು.

ಎಂಟು ದಿನದ ಹಿಂದೆ ಅವನ ಹೊಲದಲ್ಲಿ ಏಳು ನವಿಲು ಸತ್ತು ಬಿದ್ದಿದ್ದವು. ಅವನ್ನು ಕಂಬಳಿಯಲ್ಲಿ ಗಂಟುಕಟ್ಟಿ ಹಳ್ಳದ ಕಡೆ ಒಯ್ಯುತ್ತಿದ್ದ ಕುರುಬರ ಅಮಸಿದ್ದನನ್ನು ಊರ ಕಾವಲಿನ ವಾಲೀಕಾರ ಹಿಡಿದ. ನವಿಲು ಕೊಲ್ಲುವುದು ಸರಕಾರದ ಕಾಯಿದೆಗೆ ವಿರುದ್ಧ. ಗರಿಯ ಆಸೆಗೋ ಬಾಡಿನ ಆಸೆಗೋ ಅಮಸಿದ್ದ ಕವಣೆ ಬೀಸಿದ ಎಂದು ಊರು ಒಂದೇ ದಿನದಲ್ಲಿ ನಂಬಿತು, ಯಾಕೆಂದರೆ ಹೋದ ವರ್ಷವೇ ಎರಡು ಗೌಜಲಹಕ್ಕಿ ಹಿಡಿದು ಸಂತೆಗೆ ಒಯ್ದು ಅವನು ದಂಡ ಕಟ್ಟಿದ್ದ. ಇವತ್ತು ವಿಜಾಪುರದ ಕಚೇರಿಯಲ್ಲಿ ಅವನ ಜವಾಬು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗುರಲಿಂಗಪ್ಪನೊಬ್ಬನಿಗೆ ಗೊತ್ತಿದ್ದದ್ದು ಬೇರೆ. ಆ ದಿನ ಕವಣೆಯ ಕಲ್ಲು ಹಾರಿರಲೇ ಇಲ್ಲ. ಇಲಿಗೆ ಹಾಕುವ ಪಾಷಾಣದಲ್ಲಿ ನೆನೆಸಿದ ಜೋಳವನ್ನು, ಹೊತ್ತು ಮೂಡುವ ಮೊದಲು, ಪಡುವಣ ಬದುವಿನ ಗುಂಟ ಚೆಲ್ಲುತ್ತ ನಡೆದವನು ತಾನು. ಚೆಲ್ಲಿದ್ದು ಹಕ್ಕಿಪಾಲಿನಲ್ಲಿ.

ಚೆಲ್ಲುವಾಗ ಕೈ ನಡುಗಿರಲಿಲ್ಲ. ಅದೇ ಈಗ ಅವನನ್ನು ಹಿಡಿದು ಅಲುಗಾಡಿಸುತ್ತಿತ್ತು. ಚೆಲ್ಲುವ ಕೈಗೆ ಆ ಬೀಸು ಹೊಸದಲ್ಲ. ಎಳ್ಳ ಅಮಾವಾಸ್ಯೆಯ ದಿನ ಬುಟ್ಟಿ ಹೊತ್ತ ಹೆಂಗಸರ ಮುಂದೆ ಮುಂದೆ ನಡೆದು, ಕಡುಬು ರೊಟ್ಟಿ ಪಲ್ಯವನ್ನು ಮುರಿ ಮುರಿದು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವ ಬೀಸು ಅದು. ಅಪ್ಪ ಚನ್ನಬಸಪ್ಪ ಚೆಲ್ಲುತ್ತಿದ್ದ, ಅವನ ಅಪ್ಪ ಚೆಲ್ಲುತ್ತಿದ್ದ. ಚರಗ ಮುಗಿದ ಮೇಲೆ ಅಪ್ಪ ಪಡುವಣ ಬದುವಿಗೆ ಹೋಗಿ, ಬದುವಿಗೆ ಹತ್ತಿದ ಎರಡು ಸಾಲಿನ ಮೊದಲ ದಂಟಿಗೆ ವಿಭೂತಿ ಹಚ್ಚಿ, ಮೇಲೆ ಆಕಾಶವನ್ನು ನೋಡದೆ, ನೆಲ ನೋಡಿಕೊಂಡು, ‘ಇದು ನಿಮ್ಮದು, ಅದು ನಮ್ಮದು’ ಎನ್ನುತ್ತಿದ್ದ. ಅಷ್ಟೆ. ಅಂದಿನಿಂದ ಆ ಎರಡು ಸಾಲು ಹಕ್ಕಿಪಾಲು. ಅದಕ್ಕೆ ಕವಣೆ ಬೀಸುವಂತಿಲ್ಲ, ಕೂಗು ಹಾಕುವಂತಿಲ್ಲ, ಸುಗ್ಗಿಯಲ್ಲಿ ದನದ ಮೇವಿಗೆಂದು ಅದರ ಕಣಿಕೆಯನ್ನೂ ಕೊಯ್ಯುವಂತಿಲ್ಲ. ಅಪ್ಪ ಸತ್ತು ಹನ್ನೊಂದು ವರ್ಷ. ಈ ಸಲ ವಿಭೂತಿ ಹಚ್ಚಿದವನೂ ಗುರಲಿಂಗಪ್ಪನೇ, ಅದೇ ಬೆರಳು. ಮೂರು ವಾರದ ಮೇಲೆ ಅಲ್ಲಿಗೆ ಪಾಷಾಣ ಒಯ್ದ. ಬೇರೆ ಕಡೆ ಚೆಲ್ಲಿದ್ದರೆ ಹಕ್ಕಿ ಅನುಮಾನಿಸಿ ಮುಟ್ಟುತ್ತಿರಲಿಲ್ಲ. ಅಲ್ಲಿ ಅವು ಯಾವುದನ್ನೂ ಅನುಮಾನಿಸುವುದಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಅಷ್ಟು ನಸುಕಿನಲ್ಲಿ, ಹಣೆಗೆ ವಿಭೂತಿ ಬೀಳುವ ಮೊದಲೇ, ಎಷ್ಟು ತಿಳಿಯಾಗಿ ಕೂತಿತ್ತು.

ಮನೆಗೆ ಬಂದಾಗ ಹೆಂಡತಿ ಗುರುಬಸವ್ವ ಹಿತ್ತಲಲ್ಲಿ ಕೈಗೆ ನೀರು ಹಾಕಿದಳು. ದಿನಾ ಒಂದು ತಂಬಿಗೆ. ಅಂದು ಒಂದು ಮುಗಿದ ಮೇಲೆ ಆಕೆ ತಾನಾಗಿ ಇನ್ನೊಂದು ತಂಬಿಗೆ ತುಂಬಿಕೊಂಡು ಬಂದು ಹಾಕಿದಳು. ಆಮೇಲೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗ ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ, ಅಂಗೈಯ ಗೆರೆಗಳ ಮೇಲೆ ನಿಂತಿತು. ಗೆರೆಯೊಳಗೆ ಏನಾದರೂ ಉಳಿದಿದ್ದರೆ? ಎಂಟು ದಿನದಿಂದ ಅವನು ಎರಡನೇ ತಂಬಿಗೆಯ ಬಗ್ಗೆಯೇ ಯೋಚಿಸುತ್ತಿದ್ದ. ಕೈ ಕೆಸರಾಗಿತ್ತೆಂದು ಹಾಕಿರಬಹುದು. ಕೈ ಕೆಸರಾಗಿರಲಿಲ್ಲ.

ಮೋಟಾರು ಕೆಮ್ಮಿ ಕೆಮ್ಮಿ ಹೊರಟಿತು. ಮುದುಕಿ ವಿಜಾಪುರ ಬರುವತನಕ ಮತ್ತೆ ಮಾತಾಡಲಿಲ್ಲ. ಅದೂ ಅವನಿಗೆ ಒಳ್ಳೆಯದೆನಿಸಲಿಲ್ಲ.

ಜೋರಾಪುರ ಪೇಟೆಯಲ್ಲಿ ಅಕ್ಕ ಮುರಿಗೆವ್ವನ ಮನೆ, ಅದರ ಮುಂಭಾಗವೇ ಆಕೆಯ ಗಂಡ ಶಿವಯೋಗೆಪ್ಪನ ಕಾಳಿನ ಅಂಗಡಿ. ಧಾನ್ಯಕ್ಕೆಲ್ಲ ಸರಕಾರದ ಕಟ್ಟು ಬಿದ್ದ ಮೇಲೆ ಅಂಗಡಿಯಲ್ಲಿ ಕಾಳಿಗಿಂತ ಮಾತು ಹೆಚ್ಚು. ಶಿವಯೋಗೆಪ್ಪ ತಕ್ಕಡಿಯ ಹಿಂದೆ ಕೂತಲ್ಲಿಂದಲೇ, ನಾಲ್ಕು ಮಂದಿ ಗಿರಾಕಿಗಳ ಮುಂದೆ, ‘ಬಾರಪಾ ನವಲಿನ ಸಾವಕಾರ, ಬಾ’ ಎಂದ. ಗಿರಾಕಿಗಳು ನಕ್ಕರು. ನಕ್ಕವರಲ್ಲಿ ಒಬ್ಬನ ಮುಖ ಎಲ್ಲಿಯೋ ನೋಡಿದಂತಿತ್ತು. ಪಾಷಾಣ ಕೊಂಡದ್ದು ಈ ಅಂಗಡಿಯಲ್ಲಲ್ಲ, ಎರಡು ಓಣಿ ದಾಟಿ, ಪರಿಚಯವಿಲ್ಲದ ಒಂದು ಕಿರಾಣಿಯಲ್ಲಿ. ‘ಇಲಿ ಭಾಳ ಆಗ್ಯಾವೇನ್ರಿ?’ ಎಂದು ಕೇಳಿದ್ದ ಆ ಅಂಗಡಿಕಾರ. ‘ಭಾಳ’ ಎಂದಿದ್ದ ಇವನು. ಆಗ ಬಾಜೂಕ ಯಾರೋ ಬೆಲ್ಲ ಕೊಳ್ಳುತ್ತಿದ್ದರು. ಇವನೇ ಇರಬಹುದೇ? ಗುರಲಿಂಗಪ್ಪ ಆ ಮುಖವನ್ನು ಮತ್ತೆ ನೋಡಿದ. ಆ ಮುಖವೂ ಅವನನ್ನು ನೋಡಿತು, ಮತ್ತೆ ತೊಗರಿ ಬೇಳೆ ನೋಡಿತು.

‘ವಕೀಲರ ಕಡೆಯಿಂದ ಎಲ್ಲಾ ಬರಿಸೇನಿ’ ಎಂದು ಶಿವಯೋಗೆಪ್ಪ ಗಾದಿಯ ಅಡಿಯಿಂದ ಮಡಿಚಿದ ಕಾಗದ ತೆಗೆದ. ‘ಹೆದರಿಕಿ ಇಲ್ಲ. ಕಾಯಿದೆ ಮಾಡಿದಂವಗ ಹೊಲ ಇರಲಿಲ್ಲ ಅಂತ ತಿಳೀಬ್ಯಾಡ, ಅವನೂ ರೈತನ ಸಂಬಂಧ ಒಂದು ಕಿಂಡಿ ಬಿಟ್ಟಾನ. ಹಕ್ಕಿ ಕೊಲ್ಲಬಾರದು, ಖರೆ. ಆದ್ರ ಪೀಕ ತಿನ್ನಾಕ ಬಂದದ್ದನ್ನ, ಪೀಕ ಉಳಿಸ್ಕೋಬೇಕಂತ ಒಳ್ಳೆ ನಿಯತ್ತಿಲೆ ಕೊಂದ್ರ, ಕಾಯಿದೆ ಆ ಹೊಲಕ್ಕ ಬರಂಗಿಲ್ಲ. ಅಮಸಿದ್ದ ನಿನ್ನ ಹೇಳಿಕಿ ಮ್ಯಾಲೆ ಕವಣಿ ಒಗದಾನ ಅಂತ ನೀ ಸಹಿ ಮಾಡಬೇಕು, ಅಂವ ಹೆಬ್ಬಟ್ಟು ಒತ್ತಬೇಕು. ಮುಗೀತು. ಅವಗ ಎರಡನೇ ಸಲ ಇದು. ಇಲ್ಲಂದ್ರ ಈ ಸಲ ದಂಡ ಅಲ್ಲ, ಒಂದ ತಿಂಗಳ ಜೇಲ.’

‘ಅಂವ ಏನರ ಬ್ಯಾರೆ ಹೇಳಿದ್ರ?’

‘ಬ್ಯಾರೆ ಅಂದ್ರ?’ ಶಿವಯೋಗೆಪ್ಪನ ಕಣ್ಣು ಕಾಗದದಿಂದ ಮೇಲೆದ್ದಿತು. ‘ಬ್ಯಾರೆ ಹೇಳಾಕ ಏನೈತಿ ಅಲ್ಲೆ?’

‘ಏನಿಲ್ಲ.’

‘ಹಂಗಾರ ಏನ ಹೇಳ್ಯಾನು? ನೀ ಪುರಾಣ ಕೇಳಿ ಕೇಳಿ ಎಲ್ಲಾದರಾಗೂ ಒಂದ ಒಳಕತಿ ಹುಡಕಾಕತ್ತಿ. ಒಳಗ ಹೋಗು, ರೊಟ್ಟಿ ತಿನ್ನು.’

ಒಳಗೆ ಅಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಹೊಸ ಜೋಳದ್ದಲ್ಲ, ನೆಲದಡಿಯ ಹಗೇವಿನಿಂದ ತೆಗೆದ ಹಳೆಯದು, ಅದರ ವಾಸನೆ ಸ್ವಲ್ಪ ಕಟು. ತಾಟಿನ ಬದಿಗೆ ಖಾರದ ಹಿಂಡಿ ಎಣ್ಣೆ ಹಾಕಿ ಕೊಟ್ಟು, ಅವನ ಎದುರಿಗೆ ಕೂತು, ತವರನ್ನು ಕೇಳುವಂತೆ ಕೇಳಿದಳು, ‘ಅಪ್ಪನ ಹಕ್ಕಿಪಾಲ ಹ್ಯಾಂಗೈತೋ ತಮ್ಮಾ ಈ ಸಲ? ಛಲೋ ತೆನಿ ಹಿಡದೈತಿ?’ ಗುರಲಿಂಗಪ್ಪ ಮುರಿದ ತುಣುಕನ್ನು ತಾಟಿನಲ್ಲಿಟ್ಟ. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ, ಒಲೆಯ ಬೆಳಕು ಬಿಟ್ಟು. ಅಪ್ಪನ ಹಕ್ಕಿಪಾಲು. ಎಲ್ಲರ ಬಾಯಲ್ಲೂ ಅದು ಅಪ್ಪನದು. ಹನ್ನೊಂದು ವರ್ಷದಿಂದ ಬೀಜ ಹಾಕಿದವನು ಇವನು, ಕಳೆ ತೆಗೆಸಿದವನು ಇವನು, ಆದರೂ ಶ್ರಾವಣದಲ್ಲಿ ಮಠದ ಪುರಾಣ ನಡೆದಾಗ, ದಾನದ ಮಾತು ಬಂದ ಕಡೆ, ಓದುವ ಅಯ್ಯನವರು ಪದ್ಯ ನಿಲ್ಲಿಸಿ, ಕಣ್ಣು ಮುಚ್ಚಿ, ‘ನಮ್ಮ ಊರಾಗೂ ಒಬ್ಬಾತ ಇದ್ದ, ಚನ್ನಬಸಪ್ಪ. ಅವನ ಹೊಲದ ಹಕ್ಕಿಪಾಲು ಇನ್ನೂ ಐತಿ’ ಎಂದಿದ್ದರು. ಜನ ಹೌದೆಂದು ತಲೆದೂಗಿತ್ತು. ಕಂಬಕ್ಕೆ ಆತು ಕೂತ ಗುರಲಿಂಗಪ್ಪನ ಕಡೆ ಒಬ್ಬರೂ ತಿರುಗಿರಲಿಲ್ಲ. ಅವನಿಗೆ ಆ ಪದ್ಯದ ಮುಂದಿನ ಸಾಲು ಬಾಯಿಗೆ ಬರುತ್ತಿತ್ತು. ಸಣ್ಣಂದಿನಿಂದ ಕೇಳಿದ್ದು. ಅಂದು ಅದನ್ನು ಮನಸ್ಸಿನಲ್ಲಿ ಅನ್ನಲಿಕ್ಕೆ ಆಗದೆ ತುಟಿ ಬಿಗಿದುಕೊಂಡು ಕೂತಿದ್ದ.

‘ಛಲೋ ಹಿಡದೈತಿ’ ಎಂದ ಅಕ್ಕನಿಗೆ. ಕೈ ತೊಳೆಯಲು ಎದ್ದಾಗ ಆಕೆ ಒಂದೇ ತಂಬಿಗೆ ನೀರು ಹಾಕಿದಳು. ಅವನು ಎಣಿಸಿದ.

ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಅಮಸಿದ್ದ ಕೂತಿದ್ದ. ಟಿಕೋಟದ ಕಡೆಯ ಕುರಿಹಟ್ಟಿಯಿಂದ ನಸುಕಿನಲ್ಲಿ ಹೊರಟು ನಡೆದೇ ಬಂದಿರಬೇಕು, ಮೊಳಕಾಲತನಕ ಧೂಳು. ಕಂಬಳಿ ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಅದೇ ಕಂಬಳಿ. ಗುರಲಿಂಗಪ್ಪನನ್ನು ಕಂಡು ಎದ್ದು, ‘ಬಂದ್ರಿ ಯಪ್ಪಾ?’ ಎಂದು ಮತ್ತೆ ಕೂತ. ಎಂಟು ದಿನದಲ್ಲಿ ಇದು ಮೊದಲ ಮಾತು. ಟಿಕೋಟದ ಪೊಲೀಸ್ ಚೌಕಿಯಲ್ಲಿ ಒಂದು ದಿನ ಇಟ್ಟುಕೊಂಡು ಬಿಟ್ಟಿದ್ದರಂತೆ. ಆ ದಿನ ಏನೇನು ಕೇಳಿದರು, ಇವನು ಏನೇನು ಹೇಳಿದ? ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಕುರಿಯ ಹಿಂದೆ ನಡೆದು ನಡೆದು ಆ ಮುಖ ದೂರ ನೋಡುವುದನ್ನೊಂದೇ ಕಲಿತಿತ್ತು. ‘ಏನೂ ಹೇಳಬ್ಯಾಡ, ಒಯ್ದು ಹಳ್ಳದಾಗ ಹುಗದು ಬಿಡು’ ಎಂದು ಅಂದು ಬೆಳಿಗ್ಗೆ ತಾನು ಹೇಳಿದಾಗಲೂ ಇವನು ಹೀಗೇ ನೋಡಿದ್ದ. ಯಾಕೆ ಸತ್ತವು ಎಂದು ಕೇಳಿರಲಿಲ್ಲ. ಯಾವ ಮನುಷ್ಯನೂ ಕೇಳುತ್ತಾನೆ. ಕೇಳದವನು ಒಂದೋ ದಡ್ಡ, ಇಲ್ಲವೆ ಕೇಳುವ ಅಗತ್ಯವಿಲ್ಲದವನು.

ಒಳಗೆ ಕಾರಕೂನ ಜಿಲಾನಿ ಸಾಹೇಬ, ಕನ್ನಡಕದ ಮುರಿದ ಕಡ್ಡಿಯ ಬದಲು ಕಿವಿಗೆ ದಾರ ಕಟ್ಟಿಕೊಂಡ ವಯಸ್ಸಾದ ಮನುಷ್ಯ, ‘ಬರ್ರಿ ಗುರಲಿಂಗಪ್ಪನವರ, ಕೂಡ್ರಿ. ನಿಮ್ಮ ನವಲ ಸತ್ತು ಸುಮ್ಮನಾದುವು, ಬರದು ಬರದು ನನ್ನ ಕೈ ಸಾಯಾಕತ್ತೈತಿ’ ಎಂದರು. ವಕೀಲರ ಕಾಗದ ಇಸಿದುಕೊಂಡು, ತಮ್ಮ ಪುಸ್ತಕದಲ್ಲಿ ಬೆರಳಿಟ್ಟು, ಕಾಯಿದೆಯ ಕಲಮನ್ನು ಕನ್ನಡದಲ್ಲಿ ಬಿಡಿಸಿ ಓದಿದರು. ಅವರ ಓದಿನಲ್ಲೂ ಒಂದು ಲಯವಿತ್ತು. ತನ್ನ ಮಾಲು ಕಾಯ್ದುಕೊಳ್ಳುವುದಕ್ಕಾಗಿ, ಒಳ್ಳೆಯ ನಿಯತ್ತಿನಿಂದ, ಕಾಡುಹಕ್ಕಿಯನ್ನು ಹಿಡಿದವನಿಗೆ ಅಥವಾ ಕೊಂದವನಿಗೆ, ಈ ಕಾಯಿದೆಯಲ್ಲಿನ ಯಾವ ಮಾತೂ ತಗಲತಕ್ಕದ್ದಲ್ಲ.

ಒಳ್ಳೆಯ ನಿಯತ್ತು. ಗುರಲಿಂಗಪ್ಪನಿಗೆ ಕಲಮು ಬರೆದವನು ತನ್ನನ್ನು ಎಲ್ಲಿಂದಲೋ ನೋಡುತ್ತಿದ್ದಾನೆ ಎನಿಸಿತು. ಪೀಕು ಉಳಿಸಿಕೊಳ್ಳುವುದಕ್ಕಾಗಿ ಅಲ್ಲ. ನವಿಲು ಎಷ್ಟು ತಿಂದಾವು? ಒಳಹೊಲಕ್ಕೆ ಅಟ್ಟ ಹಾಕಿ ಆಳು ಇಟ್ಟಿದ್ದ, ಅಲ್ಲಿ ಒಂದೂ ಇಳಿಯುತ್ತಿರಲಿಲ್ಲ. ಪಾಷಾಣ ಕೊಳ್ಳುವ ಹಿಂದಿನ ದಿನ, ಸಂಜೆಗೆ ಮುಂಚೆ, ಅವನು ಬದುವಿನ ಗುಂಟ ಒಬ್ಬನೇ ಹೋಗಿದ್ದ. ಹಕ್ಕಿಪಾಲಿನಲ್ಲಿ ಏಳೂ ಇದ್ದವು. ಅವನನ್ನು ಕಂಡು ಅವು ಹಾರಲಿಲ್ಲ. ಕೆಮ್ಮಿದ. ಹಾರಲಿಲ್ಲ. ಇಲ್ಲಿ ಸದ್ದು ಮಾಡಬಾರದೆಂಬುದನ್ನು ಮರೆತು ಕೈ ಚಪ್ಪಾಳೆ ತಟ್ಟಿದ. ಗಂಡು ನವಿಲೊಂದು ಕತ್ತು ತಿರುಗಿಸಿ ನೋಡಿ, ದಾರಿಯಲ್ಲಿ ನಿಂತ ದನಕ್ಕೆ ಸರಿಯುವಂತೆ ಒಂದು ಹೆಜ್ಜೆ ಸರಿದು, ಮತ್ತೆ ತೆನೆಗೆ ಬಾಯಿ ಹಾಕಿತು. ಆ ಒಂದು ಹೆಜ್ಜೆ. ಅವನು ಯಾರೆಂಬುದು ಅದಕ್ಕೆ ಬೇಕಾಗಿರಲಿಲ್ಲ. ಕೊಟ್ಟವನು ಬೇರೆ ಯಾರೋ ಇದ್ದ, ಅವನ ಮಾತಿನ ಬಲದ ಮೇಲೆ ಅವು ತಿನ್ನುತ್ತಿದ್ದವು, ಇವನು ಹೊಲದಲ್ಲಿ ಸುಳಿದಾಡುವ ಒಬ್ಬ ಮನುಷ್ಯ. ಹೆದರಿಸಲಿಕ್ಕೆ ಬಗ್ಗಿ ಮಣ್ಣ ಹೆಂಟೆ ಎತ್ತಿಕೊಂಡಾಗ ಆಚೆ ಬಿತ್ತದೆ ಪಡಾ ಬಿದ್ದ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತ ಅಮಸಿದ್ದ ಕಂಡ. ಅಷ್ಟು ದೂರದಿಂದ ನಕ್ಕನೋ ಬಿಸಿಲಿಗೆ ಮುಖ ಕಿವುಚಿದನೋ ತಿಳಿಯಲಿಲ್ಲ. ಹೆಂಟೆ ಕೈಯಿಂದ ಬಿಟ್ಟುಬಿಟ್ಟ. ಮರುದಿನ ವಿಜಾಪುರಕ್ಕೆ ಬಂದು ಆ ಕಿರಾಣಿಯನ್ನು ಹುಡುಕಿದ. ಇದಕ್ಕೆ ಯಾವ ಕಲಮು ಎಂದು ಜಿಲಾನಿ ಸಾಹೇಬರನ್ನು ಕೇಳಬಹುದೇ?

‘ಎಲ್ಲಾ ಸರಿ ಐತ್ರಿ’ ಎನ್ನುತ್ತಿದ್ದರು ಅವರು. ‘ಒಂದ ಕಡೆ ತೊಡಕೈತಿ. ಪಂಚನಾಮೆದಾಗ ಅಮಸಿದ್ದನ ಮಾತು ಹಂಗ ಇಳಿಸ್ಯಾರ. ಸದರಿ ಪಕ್ಷಿಗಳು ಹಕ್ಕಿಪಾಲಿನಲ್ಲಿ ಬಿದ್ದಿದ್ದವು, ಅಂತ. ತೀರ್ಪು ಕೊಡೂ ನಮ್ಮ ಮಾಮಲೇದಾರ ರಾವಸಾಹೇಬ್ರು ಕೊಂಕಣದ ಕಡೆಯವರು. ನಿನ್ನೆ ನಿಮ್ಮ ವಕೀಲರು ಈ ಕಲಮಿನ ಮಾತು ಹೇಳಿ ಹೋದ ಮ್ಯಾಲೆ ಇದನ್ನ ಓದಿ, ಜಿಲಾನಿ, ಹಕ್ಕಿಪಾಲ ಅಂದ್ರೇನು ಅಂದ್ರು. ನಾನೂ ಇದ ಮಣ್ಣಿನಂವ. ಹಕ್ಕಿಗಿ ಬಿಟ್ಟ ಪಾಲ್ರಿ ಅಂದುಬಿಟ್ಟೆ. ಅವರು ನಕ್ಕರು. ಕೊಟ್ಟದ್ದನ್ನ ಅವು ತಿಂದ್ರ ಇವನ ಮಾಲಿಗೆ ಧಕ್ಕೆ ಏನು ಬಂತು, ಕಾಯ್ದುಕೊಂಡದ್ದು ಏನನ್ನ, ಅಂದ್ರು.’

ಕೊಂಕಣದ ಕಡೆಯವನು, ಹೊಲ ಕಾಣದವನು, ಒಂದೇ ಓದಿಗೆ ಹಿಡಿದುಬಿಟ್ಟಿದ್ದ.

‘ಇನ್ನೊಂದೈತಿ’ ಎಂದು ಜಿಲಾನಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ‘ಏಳು ಹಕ್ಕಿ. ಕವಣಿ ಕಲ್ಲು. ಒಂದರ ಮೈಮ್ಯಾಲೂ ಗಾಯ ಐತಿ ಅಂತ ಪಂಚರು ಬರಿಸಿಲ್ಲ. ಮರತಿರಬೇಕು.’ ಪುಸ್ತಕ ಮುಚ್ಚಿದರು. ‘ಅದನ್ನ ನಾ ರಾವಸಾಹೇಬ್ರಿಗಿ ಎತ್ತಿ ತೋರಿಸಿಲ್ಲ.’

ಯಾಕೆ ತೋರಿಸಿಲ್ಲ? ಕರುಣೆಯೇ, ಅಥವಾ ಒಂದು ಗಂಟನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಜಾಣತನವೇ? ದಾರ ಕಟ್ಟಿದ ಕನ್ನಡಕದ ಹಿಂದೆ ಕಣ್ಣು ಮುದಿಯಾಗಿ, ಮೆತ್ತಗೆ ಇತ್ತು. ಮೆತ್ತಗಿನ ಕಣ್ಣಿಗೆ ಅವನು ಈಗ ಹೆಚ್ಚು ಹೆದರುತ್ತಿದ್ದ.

‘ಹಂಗಾದ್ರ ಏನ ಮಾಡೂಣ್ರಿ ಸಾಹೇಬ್ರ?’

‘ಹಕ್ಕಿಪಾಲ ಅಂಬೂದು ಇಲ್ಲ ಅಂತ ಬರೀರಿ. ಮುದುಕರ ಆಡುಮಾತು. ಎರಡೂ ಸಾಲು ಹೊಲದಾಂವಂದ, ತೆನಿ ಹೊಲದಾಂವಂದ. ನೀವೂ ಹಂಗ ಅನ್ರಿ, ಅಂವನೂ ಹಂಗ ಅನ್ನಲಿ. ಮೊದಲ ಅಂದದ್ದು ತಪ್ಪಿ ಅಂದೆ ಅಂತ ಹೆಬ್ಬಟ್ಟು ಒತ್ತಲಿ. ಇಬ್ಬರ ಮಾತು ಒಂದ ಆದ್ರ ಇಲ್ಲೇ ಮುಗೀತೈತಿ. ಎರಡಾದ್ರ ಕಿಂಡಿ ಮುಚ್ಚತು, ಅಂವ ಒಳಗ ಹೋಗ್ತಾನ.’

ಒಂದು ತುಂಡು ಕಾಗದದ ಮೇಲೆ ಅವರೇ ನಾಲ್ಕು ಸಾಲು ಬರೆದು ತಿರುಗಿಸಿದರು. ಗುರಲಿಂಗಪ್ಪ ಓದಿದ. ಸದರಿ ಜಮೀನಿನಲ್ಲಿ ಹಕ್ಕಿಪಾಲು ಎಂಬುದು ಇಲ್ಲ, ಹಿಂದೆ ಇರಲೂ ಇಲ್ಲ. ಹಿಂದೆ ಇರಲೂ ಇಲ್ಲ ಎಂಬಲ್ಲಿ ಅವನು ತಡೆದ. ಅಪ್ಪನ ಬಗ್ಗಿದ ಬೆನ್ನು, ವಿಭೂತಿಯ ಬೆರಳು, ನೆಲ ನೋಡಿಕೊಂಡು ಆಡಿದ ಆ ಸಣ್ಣ ಮಾತು. ಇದನ್ನು ತೆಗೆಯಿರಿ ಎಂದರೆ ಇವರಿಗೆ ಅನುಮಾನ ಬರುತ್ತದೆ. ಟಾಕು ಶಾಯಿಯಲ್ಲಿ ಅದ್ದಿ ಸಹಿ ಮಾಡಿದ. ಮಾಡಿ ಮುಗಿಸಿದ ಮೇಲೆ ಒಳಗೆ ಎಲ್ಲಿಯೋ ಒಂದು ಮೂಲೆಯಲ್ಲಿ ಹಗುರ ಅನಿಸಿತು. ಇರಲೇ ಇಲ್ಲ. ಇನ್ನು ಮಠದಲ್ಲಿ ಅಯ್ಯನವರು ಏನಾದರೂ ಅಂದುಕೊಳ್ಳಲಿ, ಸರಕಾರದ ಕಾಗದದಲ್ಲಿ ಅದು ಇರಲೇ ಇಲ್ಲ. ಆ ಹಗುರವನ್ನು ಗುರುತಿಸಿದ್ದೇ ತಡ ಅವನು ಟಾಕನ್ನು ದೂರ ಸರಿಸಿಬಿಟ್ಟ.

‘ರಾವಸಾಹೇಬ್ರು ಊಟ ಮಾಡಿ ಮೂರಕ್ಕ ಬರ್ತಾರ. ಅಷ್ಟರಾಗ ಅವನ್ನ ಒಪ್ಪಿಸ್ಕೊಂಡು ಬರ್ರಿ’ ಎಂದರು ಜಿಲಾನಿ ಸಾಹೇಬರು. ಕಾಗದವನ್ನೂ ಹೆಬ್ಬಟ್ಟಿನ ಶಾಯಿಯ ಡಬ್ಬಿಯನ್ನೂ ಅವನ ಕೈಯಲ್ಲೇ ಕೊಟ್ಟರು.

ಮರದ ನೆರಳು ಸರಿದಿತ್ತು, ಅಮಸಿದ್ದನೂ ಅದರೊಡನೆ ಸರಿದು ಕೂತಿದ್ದ. ರೊಟ್ಟಿ ಗಂಟು ಬಿಚ್ಚಿ, ಅರ್ಧ ರೊಟ್ಟಿ ಮುರಿದು, ‘ತಿಂತೀರೇನ್ರಿ?’ ಎಂದ. ತಿನ್ನುವುದಿಲ್ಲವೆಂದು ಗೊತ್ತಿದ್ದೂ ಕೇಳುವ ರೀತಿ. ಗುರಲಿಂಗಪ್ಪ ಅವನ ಎದುರಿಗೆ, ಶಲ್ಯ ಹಾಸದೆ, ನೆಲದ ಮೇಲೆ ಕೂತ. ತಾನು ಹೀಗೆ ಕೂತದ್ದನ್ನು ಅಂಗಳದಲ್ಲಿ ಯಾರು ನೋಡುತ್ತಿದ್ದಾರೆಂದು ಒಮ್ಮೆ ಹಿಂದೆ ನೋಡಿದ.

‘ಸಕ್ರವ್ವ ಹ್ಯಾಂಗದಾಳ?’ ಎಂದು ಅವನ ಹೆಂಡತಿಯ ಸುದ್ದಿ ತೆಗೆದ.

‘ಅದಾಳ್ರಿ. ಕುರಿ ಈಯಾಕತ್ತಾವು. ನಿನ್ನೆ ಒಂದ ದಿನಾ ಒಂಬತ್ತ ಮರಿ. ಒಬ್ಬಾಕಿ, ಕೈಯಾಗ ಒಂದ ಮರಿ, ಕಾಲಾಗ ಒಂದ ಮರಿ. ನನ್ನ ನೋಡಿ ಬೈದ್ಲು, ಜೇಲಿಗಿ ಹೋಗಾಂವ ಆಷಾಢದಾಗ ಹೋಗು ಅಂದ್ಲು.’

ಗುರಲಿಂಗಪ್ಪ ನಗಲು ಹೋಗಿ ಬಿಟ್ಟ. ಚೌಕಿಯ ಸುದ್ದಿ ಕೇಳಬೇಕಿತ್ತು, ಹೇಗೆ ಕೇಳುವುದೆಂದು ತಿಳಿಯದೆ ಬೆಳಗಿನಿಂದ ಸುತ್ತಿ ಸುತ್ತಿ ಬಂದ ಮಾತು ಹಾಗೇ ಹೊರಬಿತ್ತು. ‘ಟಿಕೋಟದಾಗ ನಿನಗ ಏನ ಕೇಳಿದ್ರು?’

‘ಯಾಕ ಹೊಡದಿ ಅಂದ್ರು.’

‘ಏನಂದಿ?’

‘ಸುಮ್ಮನ ಕುಂತೆ. ಬಡದ್ರು ಎರಡ ಏಟ. ಮತ್ತ ಸುಮ್ಮನ ಕುಂತೆ.’

‘ಹೊಡದಿಲ್ಲ ಅಂತ ಹೇಳಬಾರದಿತ್ತ?’

ಅಮಸಿದ್ದ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. ‘ಹೊಡದಿಲ್ಲ ಅಂದ್ರ, ಮತ್ತ ಹ್ಯಾಂಗ ಸತ್ತುವು ಅಂತಿದ್ರಲ್ರಿ’ ಎಂದ. ತಪ್ಪು ಹೊರಿಸುವ ದನಿಯಲ್ಲ. ಮಳೆ ಬಂದರೆ ಕೆಸರಾಗುತ್ತದಲ್ಲ ಎನ್ನುವ ದನಿ. ‘ಚೌಕಿಯಿಂದ ಬಿಟ್ಟ ಮರುದಿನ ಜಾಲಿಮುಳ್ಳು ಕಡದು ಆ ಸಾಲಿನ ಉದ್ದಕ್ಕೂ ಹಚ್ಚೇನ್ರಿ. ಇನ್ನೂ ಕಾಳು ಬಿದ್ದಾವು ಅಲ್ಲೆ. ಮರಿಗೋಳಿಗಿ ಗೊತ್ತಾಗಂಗಿಲ್ಲ. ನೀವೂ ಆಳಿಗಿ ಹೇಳ್ರಿ, ಯಾರೂ ಹೋಗಬಾರ್ದಂತ.’

ಅಂಗಳದಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು. ಎಂಟು ದಿನ ಅವನು ಊರಿನ ಎಲ್ಲ ಮುಖಗಳಲ್ಲಿ ಹುಡುಕಿದ ಕಣ್ಣು ಇಲ್ಲಿತ್ತು, ರೊಟ್ಟಿಯ ಮೇಲೆ ಬಗ್ಗಿತ್ತು. ಸಿಕ್ಕಿದ ಮೇಲೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಇವನಿಗೆ ಏನು ಬೇಕು? ಇಷ್ಟು ದಿನ ಬಾಯಿ ಮುಚ್ಚಿಕೊಂಡವನಿಗೆ ಏನಾದರೂ ಬೇಕೇ ಇರಬೇಕು. ಹೊಲದ ಮೂಲೆ? ಕಣಿಕೆ? ಕೇಳಿದರೆ ಕೊಡಬಹುದು, ಕೇಳಿದರೆ ಎಲ್ಲವೂ ಸರಳವಾಗುತ್ತದೆ. ಅಮಸಿದ್ದ ಏನೂ ಕೇಳಲಿಲ್ಲ. ನೀರಿನ ಸೋರೆಬುರುಡೆ ಎತ್ತಿ ಕುಡಿದ.

‘ನಿನಗ ಏನೂ ಆಗಂಗಿಲ್ಲ’ ಎಂದ ಗುರಲಿಂಗಪ್ಪ. ದನಿ ಅವಸರದ್ದಾಗಿತ್ತು. ‘ಕಾಯಿದೆದಾಗ ದಾರಿ ಐತಿ. ನಾ ಹೇಳಿದೆ, ನೀ ಹೊಡದಿ, ಪೀಕ ಉಳಿಸಾಕ. ಇಲ್ಲೆ ಹೆಬ್ಬಟ್ಟು ಒತ್ತಿದ್ರ ಸಂಜಿಗೆ ನೀ ಕುರಿ ಹಂತ್ಯಾಕ ಇರ್ತಿ.’

‘ಒತ್ತೂಣ್ರಿ. ಏನಂತ ಬರದಾರ ಓದ್ರಿ.’

ಓದಿದ. ಕವಣೆಯ ಮಾತಿಗೆ ಅಮಸಿದ್ದ ಹೂಂ ಎಂದ. ಹೇಳಿಕೆಯ ಮಾತಿಗೆ ಹೂಂ ಎಂದ. ಕೊನೆಯ ನಾಲ್ಕು ಸಾಲನ್ನು ಗುರಲಿಂಗಪ್ಪ ಬೇಗ ಬೇಗ, ಪುರಾಣದಲ್ಲಿ ಪುಟ ಮಗುಚುವ ಹೊತ್ತಿನಂತೆ, ದನಿ ಇಳಿಸಿ ಓದಿದ. ಹೂಂ ಬರಲಿಲ್ಲ.

‘ಇನ್ನೊಮ್ಮೆ ಓದ್ರಿ ಅದನ್ನ.’

‘ಹಕ್ಕಿಪಾಲ ಅಂಬೂದಿಲ್ಲ. ಮೊದಲ ತಪ್ಪಿ ಅಂದೆ ಅಂತ. ಅಷ್ಟ.’

ಅಮಸಿದ್ದ ಕೈಯ ತುಣುಕನ್ನು ಗಂಟಿನಲ್ಲಿಟ್ಟು ಕಟ್ಟಿದ. ಅಂಗೈಗಳನ್ನು ಕಂಬಳಿಗೆ ಒರೆಸಿಕೊಂಡ. ‘ನೀವು ಸಹಿ ಮಾಡೀರೇನ್ರಿ ಇದಕ್ಕ?’

‘ಮಾಡೇನಿ.’

‘ನಿಮ್ಮದು ನೀವು ಮಾಡೀರಿ’ ಎಂದ ಅಮಸಿದ್ದ. ‘ಹತ್ತ ವರ್ಷ ಆತ್ರಿ ನಾ ಆ ಬದುವಿನ ಗುಂಟ ಕುರಿ ಹೊಡಕೊಂಡ ಹೋಗಾಕತ್ತು. ಒಂದಕ್ಕೂ ಬಾಯಿ ಹಾಕಗೊಟ್ಟಿಲ್ಲ. ಆ ಮಳಿ ಇಲ್ಲದ ವರ್ಷ ನೆಲದ ಮ್ಯಾಲೆ ಹಸರ ಅಂಬೂದು ಅದೊಂದ ಇತ್ತು. ಕುರಿ ಹಸಗೊಂಡು ಅತ್ತಾಗ ಹೊಂಟ್ರ ಬಡದು ತಿರುವೇನಿ. ಒಂದ ಈಲಾಕ ಬಂದ ಕುರಿ ಬಡದ ಏಟಿಗೆ ಸತ್ತೂ ಹೋತು. ಸಕ್ರಿ ಕೇಳಿದ್ಲು, ಯಾಕ ಬಡದಿ ಅಂತ. ಹಕ್ಕಿದು ಅದು, ಅಂದೆ. ಸುಮ್ಮನಾದ್ಲು.’

‘ಅದೆಲ್ಲಾ ಖರೆ. ಯಾರ ಇಲ್ಲಂದ್ರು? ಇದು ಬರೇ ಕಾಗದದ ಮಾತು. ಬ್ಯಾಸಗಿ ಹೋದ್ರ ಯಾರೂ ನೆನಸಂಗಿಲ್ಲ. ಮುಂದಿನ ಅಮಾಸಿಗೆ ನಾನ ಮತ್ತ ವಿಭೂತಿ ಹಚ್ಚತೇನಿ, ನಿನ್ನ ಮುಂದನ ಹಚ್ಚತೇನಿ.’ ಹೇಳುತ್ತಲೇ ಅವನಿಗೆ ತಾನು ಹಚ್ಚಲಾರೆನೆಂದೂ, ಹಚ್ಚಿದರೂ ಅಲ್ಲಿ ಇಳಿಯುವ ಹಕ್ಕಿ ಇನ್ನಿಲ್ಲವೆಂದೂ ತಿಳಿಯುತ್ತಿತ್ತು. ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ಬೇಡುವವರ ಕೈ ಹೀಗೇ ಇರುತ್ತದೆ ಎಂಬುದು ಅವನ ಕಣ್ಣಿಗೇ ಬಿತ್ತು. ‘ಒಂದ ತಿಂಗಳಪಾ. ಸಕ್ರವ್ವ ಒಬ್ಬಾಕಿ. ನನ್ನ ಸಂಬಂಧ ಅಲ್ಲ, ಆಕಿ ಸಂಬಂಧ ಒತ್ತು.’

‘ಆಕಿ ಸಂಬಂಧ ಅಲ್ರಿ ಅದು’ ಎಂದ ಅಮಸಿದ್ದ, ಮೆಲ್ಲಗೆ.

ಮೂರರ ಗಂಟೆ ಬಾರಿಸಿತು. ಕಚೇರಿಯ ಮೆಟ್ಟಿಲ ಮೇಲೆ ಜಿಲಾನಿ ಸಾಹೇಬರು ಬಂದು ನಿಂತು, ದಾರ ಸರಿಮಾಡಿಕೊಂಡು, ಮರದ ಕಡೆ ನೋಡಿದರು. ಅಮಸಿದ್ದ ಎದ್ದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

‘ನಾ ಕೊಂದೇನಂತ ಬರಕೊಳ್ರಿ ಯಪ್ಪಾ. ಕವಣಿಲೆ ಕೊಂದೆ, ತಿನ್ನಾಕ ಕೊಂದೆ, ಏನ ಬೇಕಾದ್ದು ಬರಕೊಳ್ರಿ, ಒತ್ತತೇನಿ. ಅದು ಹಕ್ಕಿಪಾಲ ಅಲ್ಲ ಅಂತ ನಾ ಅನ್ನಂಗಿಲ್ಲ.’

‘ಅಮಸಿದ್ಯಾ.’

‘ಅನ್ನಂಗಿಲ್ರಿ.’